ಯೀಸ್ಟ್‌ಗೆ ಗಿಡದ ದಾರಿ ಹಚ್ಚಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಈಚೆಗೆ ಬಂದ ಗಂಧಕದ ಕುರಿತ ಬರಹ ಚೆನ್ನಾಗಿತ್ತು. ಮಣ್ಣು, ನೀರಿನಲ್ಲಿರುವ ಸಲ್ಫೇಟ್ ಜೀವಕೋಶದ ಒಳಹೊಕ್ಕು ಅಮೈನೊ ಆಮ್ಲವಾಗುವ ಬಗೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಕಡಿಮೆ. ಆದರೆ ಬರಹದ ಜೊತೆಗಿದ್ದ ಚಿತ್ರದಲ್ಲಿ ಒಂದು ತಪ್ಪು ಉಳಿದಿದೆ. ಗಿಡ, ಬ್ಯಾಕ್ಟೀರಿಯಾ, ಯೀಸ್ಟ್ ಮೂರಕ್ಕೂ ಒಂದೇ ಬಾಣ ಎಳೆದು, ಸಲ್ಫೈಡ್ ನೇರವಾಗಿ ಓ-ಅಸಿಟೈಲ್‌ಸೆರೀನ್ ಜೊತೆ ಕೂಡಿ ಸಿಸ್ಟೀನ್ ಆಗುತ್ತದೆ ಎಂದು ತೋರಿಸಲಾಗಿದೆ. ಗಿಡಕ್ಕೆ ಇದು ಸರಿ, ಈ. ಕೋಲಿಗೂ ಸರಿ. ಬ್ರೆಡ್ಡಿಗೂ ಬಿಯರಿಗೂ ಬಳಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಯೀಸ್ಟ್‌ಗೆ ಸರಿಯಲ್ಲ. ಇದೇ ಚಿತ್ರ ಪದವಿ ತರಗತಿಗಳ ನೋಟ್ಸ್‌ಗಳಲ್ಲೂ ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲೂ ಓಡಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಸಲ್ಫೈಡ್‌ವರೆಗಿನ ದಾರಿಯಲ್ಲಿ ತಕರಾರಿಲ್ಲ. ಸಲ್ಫೇಟನ್ನು ಮೆಟ್3, ಮೆಟ್14 ಜೀನ್‌ಗಳ ಕಿಣ್ವಗಳು ಎಟಿಪಿ ಖರ್ಚು ಮಾಡಿ ಚುರುಕುಗೊಳಿಸುತ್ತವೆ. ಮೆಟ್16ರ ಕಿಣ್ವ ಅದನ್ನು ಸಲ್ಫೈಟ್ ಮಾಡುತ್ತದೆ. ಮೆಟ್5 ಮತ್ತು ಮೆಟ್10 ಸೇರಿ ಕಟ್ಟುವ ಸಲ್ಫೈಟ್ ರಿಡಕ್ಟೇಸ್ ಅದನ್ನು ಸಲ್ಫೈಡಿಗೆ ಇಳಿಸುತ್ತದೆ. ಗಿಡದಲ್ಲಾದರೆ ಈ ಸಲ್ಫೈಡ್ ಸೆರೀನ್‌ನಿಂದ ಬಂದ ಮೂರು ಇಂಗಾಲದ ಅಣುವಿನ ಮೇಲೆ ಕೂರುತ್ತದೆ. ಯೀಸ್ಟ್‌ನಲ್ಲಿ ಕೂರುವುದು ನಾಲ್ಕು ಇಂಗಾಲದ ಓ-ಅಸಿಟೈಲ್‌ಹೋಮೋಸೆರೀನ್ ಮೇಲೆ. ಆ ಅಣುವನ್ನು ಮೆಟ್2 ಸಿದ್ಧಪಡಿಸುತ್ತದೆ, ಸಲ್ಫೈಡನ್ನು ಅದಕ್ಕೆ ಮೆಟ್17 ಸೇರಿಸುತ್ತದೆ. ಹುಟ್ಟುವುದು ಹೋಮೋಸಿಸ್ಟೀನ್. ಇಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕಡೆ ಮೆಟ್6 ಅದಕ್ಕೆ ಮಿಥೈಲ್ ಗುಂಪು ಕೊಟ್ಟು ಮೆಥಿಯೊನೀನ್ ಮಾಡುತ್ತದೆ. ಇನ್ನೊಂದು ಕಡೆ ಸಿಸ್4 ಅದನ್ನು ಸೆರೀನ್ ಜೊತೆ ಬೆಸೆದು ಸಿಸ್ಟಾಥಯೊನೀನ್ ಮಾಡುತ್ತದೆ, ಸಿಸ್3 ಆ ಸಿಸ್ಟಾಥಯೊನೀನನ್ನು ಕತ್ತರಿಸಿ ಸಿಸ್ಟೀನ್ ಬಿಡಿಸುತ್ತದೆ. ಹಾಗಾಗಿ ಯೀಸ್ಟ್‌ನಲ್ಲಿ ಸಿಸ್ಟೀನ್ ಆಗಬೇಕಾದರೆ ಮೊದಲು ಹೋಮೋಸಿಸ್ಟೀನ್ ಆಗಲೇಬೇಕು. ಹಿಂದಿರುಗುವ ದಾರಿಯೂ ಇದೆ: ಎಸ್‌ಟಿಆರ್2 ಸಿಸ್ಟೀನನ್ನು ಓ-ಅಸಿಟೈಲ್‌ಹೋಮೋಸೆರೀನ್ ಜೊತೆ ಸೇರಿಸಿ ಮತ್ತೆ ಸಿಸ್ಟಾಥಯೊನೀನ್ ಮಾಡುತ್ತದೆ, ಎಸ್‌ಟಿಆರ್3 ಅದನ್ನು ಹೋಮೋಸಿಸ್ಟೀನಿಗೆ ಒಡೆಯುತ್ತದೆ.

ತಪ್ಪು ಹುಟ್ಟಿದ್ದು ಎಲ್ಲಿಂದ ಎಂಬುದನ್ನೂ ಹೇಳಬೇಕು. ಮೆಟ್17ರ ಕಿಣ್ವವನ್ನು ಶುದ್ಧಗೊಳಿಸಿ ಟೆಸ್ಟ್‌ಟ್ಯೂಬ್‌ನಲ್ಲಿ ಓ-ಅಸಿಟೈಲ್‌ಸೆರೀನ್ ಕೊಟ್ಟರೆ ಅದು ಸಿಸ್ಟೀನನ್ನೂ ಮಾಡಿಕೊಡುತ್ತದೆ. ಅದರ ಹಳೆಯ ಹೆಸರಿನಲ್ಲೇ ಎರಡೂ ಅಣುಗಳು ಸೇರಿಕೊಂಡಿವೆ. ಕಿಣ್ವ ಮಾಡಬಲ್ಲದು, ಆದ್ದರಿಂದ ಜೀವಕೋಶವೂ ಹಾಗೆಯೇ ಮಾಡುತ್ತಿರಬೇಕು ಎಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆಯನ್ನು ಮುರಿದದ್ದು ರೂಪಾಂತರಿ ತಳಿಗಳು. ಜಪಾನಿನ ಬುನ್‌ಇಚಿರೊ ಓನೊ ಮತ್ತು ಸಂಗಡಿಗರು 1988ರಲ್ಲಿ ಸಿಸ್ಟಾಥಯೊನೀನ್ ಬೀಟಾ ಸಿಂಥೇಸ್ (ಸಿಸ್4ರ ಕಿಣ್ವ) ಕೆಟ್ಟ ತಳಿಯನ್ನು ವಿವರಿಸಿದರು. ಫ್ರಾನ್ಸಿನ ಹೆಲೆನ್ ಶೆರೆ ಮತ್ತು ಯೊಲಾಂಡ್ ಸುರ್ಡಾನ್-ಕೆರ್ಜಾನ್ 1992ರಲ್ಲಿ ಸಿಸ್ಟೀನ್ ಇಲ್ಲದೆ ಬೆಳೆಯಲಾರದ ಇನ್ನೊಂದು ರೂಪಾಂತರವನ್ನು ವಿಶ್ಲೇಷಿಸಿ ಇಡೀ ನಕ್ಷೆಯನ್ನು ತಿದ್ದಿದರು. ತರ್ಕ ತೀರಾ ಸರಳ. ಸಿಸ್4 ಅಥವಾ ಸಿಸ್3 ಕೆಟ್ಟ ತಳಿಯಲ್ಲಿ ಸಲ್ಫೇಟ್ ಒಳಬರುತ್ತದೆ, ಸಲ್ಫೈಡ್ ಆಗುತ್ತದೆ, ಮೆಟ್17 ಪೂರ್ತಿ ಆರೋಗ್ಯವಾಗಿದೆ. ನೇರ ದಾರಿ ನಿಜವಾಗಿ ಇದ್ದಿದ್ದರೆ ಈ ತಳಿ ಸಿಸ್ಟೀನ್ ಮಾಡಿಕೊಂಡು ಬೆಳೆಯಬೇಕಿತ್ತು. ಬೆಳೆಯುವುದಿಲ್ಲ. ಸಿಸ್ಟೀನನ್ನೋ, ಸಿಸ್ಟೀನ್ ಒಳಗೊಂಡ ಪುಟ್ಟ ಪೆಪ್ಟೈಡ್ ಆದ ಗ್ಲುಟಾಥಯೋನನ್ನೋ ಹೊರಗಿನಿಂದ ಕೊಡದೆ ಅದಕ್ಕೆ ಬದುಕಿಲ್ಲ.

ಎಲ್ಲ ಯೀಸ್ಟ್‌ಗಳೂ ಹೀಗೆ ಎಂದು ಭಾವಿಸುವುದೂ ತಪ್ಪಾದೀತು. ಸೀಳಿ ಇಬ್ಭಾಗವಾಗುವ ಸ್ಕಿಜೊಸ್ಯಾಕರೊಮೈಸಿಸ್ ಪೊಂಬೆ ಯೀಸ್ಟ್‌ನಲ್ಲಿ ಸಿಸ್ಟಾಥಯೊನೀನ್ ಮೂಲಕ ಸಿಸ್ಟೀನಿಗೆ ಬರುವ ದಾರಿಯೇ ಇಲ್ಲ. ಅದು ಓ-ಅಸಿಟೈಲ್‌ಸೆರೀನನ್ನೇ ನೆಚ್ಚಿದೆ. ಆಸ್ಪರ್ಜಿಲಸ್ ನಿಡುಲಾನ್ಸ್ ಬೂಷ್ಟಿನಲ್ಲಿ ಎರಡೂ ಇವೆ. ಆದ್ದರಿಂದ ಚಿತ್ರದ ಕೆಳಗೆ ಬರೀ ‘ಯೀಸ್ಟ್’ ಎಂದು ಬರೆದರೆ ಸಾಲದು, ಯಾವ ಯೀಸ್ಟ್ ಎಂದು ಹೇಳಬೇಕು.

ಈ ನಕ್ಷೆಯನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಬದಲು ಪ್ಲೇಟಿನ ಮೇಲೆ ತಾವೇ ಕಂಡುಕೊಳ್ಳಬಹುದು ಎಂಬುದು ನಮ್ಮ ನಿಜವಾದ ಕಾಳಜಿ. ಪದವಿ ಕಾಲೇಜಿನ ಪ್ರಯೋಗಾಲಯಕ್ಕೆ ಮೀರಿದ್ದು ಇದರಲ್ಲಿ ಏನೂ ಇಲ್ಲ. ಯಾವ ತಳಿ ಯಾವ ಪೋಷಕದ ಮೇಲೆ ಬೆಳೆಯುತ್ತದೆ ಎಂಬುದನ್ನು ನೋಡಿದರೆ ಕಡಿದುಹೋದ ಮೆಟ್ಟಿಲು ಯಾವುದೆಂದು ತಿಳಿಯುತ್ತದೆ. ಮೆಟ್17 ಇಲ್ಲದ ತಳಿ ಮೆಥಿಯೊನೀನ್, ಹೋಮೋಸಿಸ್ಟೀನ್, ಸಿಸ್ಟೀನ್ ಮೂರರಲ್ಲಿ ಯಾವುದು ಕೊಟ್ಟರೂ ಬೆಳೆಯುತ್ತದೆ, ಏಕೆಂದರೆ ಮುಂದಿನ ಹಿಂದಿನ ದಾರಿಗಳೆಲ್ಲ ತೆರೆದಿವೆ. ಮೆಟ್2 ಇಲ್ಲದ ತಳಿಗೆ ಸಿಸ್ಟೀನ್ ಮಾತ್ರ ಕೊಟ್ಟರೆ ಆಗದು: ಸಿಸ್ಟೀನ್ ಹಿಂದಿರುಗಲು ಎಸ್‌ಟಿಆರ್2ಗೆ ಓ-ಅಸಿಟೈಲ್‌ಹೋಮೋಸೆರೀನ್ ಬೇಕು, ಅದನ್ನು ಮಾಡುವ ಜೀನೇ ಇಲ್ಲ. ಮೆಟ್6 ಇಲ್ಲದ್ದಕ್ಕೆ ಮೆಥಿಯೊನೀನ್ ಒಂದೇ ಗತಿ. ಸಿಸ್3 ಅಥವಾ ಸಿಸ್4 ಇಲ್ಲದ ತಳಿಗಳು ಮೆಥಿಯೊನೀನ್, ಹೋಮೋಸಿಸ್ಟೀನ್ ಎರಡಕ್ಕೂ ಓಗೊಡುವುದಿಲ್ಲ.

ಮಾಧ್ಯಮ ಹೀಗಿರಲಿ. ಒಂದು ಲೀಟರಿಗೆ ಅಮೋನಿಯಂ ಸಲ್ಫೇಟ್ ಇರುವ, ಅಮೈನೊ ಆಮ್ಲ ಇಲ್ಲದ ಯೀಸ್ಟ್ ನೈಟ್ರೊಜನ್ ಬೇಸ್ 6.7 ಗ್ರಾಂ, ಗ್ಲೂಕೋಸ್ 20 ಗ್ರಾಂ, ಅಗಾರ್ 20 ಗ್ರಾಂ. ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವ ಬಿವೈ4741, ಬಿವೈ4742 ಸರಣಿಯ ತಳಿಗಳಾದರೆ ಹಿಸ್ಟಿಡೀನ್ 20, ಲ್ಯೂಸೀನ್ 60, ಲೈಸೀನ್ 30, ಯುರಾಸಿಲ್ 20 ಮಿಲಿಗ್ರಾಂ. ಇದನ್ನೇ ಬೇರೆ ಬೇರೆ ಪಾಲು ಮಾಡಿ ಒಂದಕ್ಕೆ ಗಂಧಕದ ಅಮೈನೊ ಆಮ್ಲ ಏನೂ ಇಲ್ಲ, ಒಂದಕ್ಕೆ ಮೆಥಿಯೊನೀನ್ ಲೀಟರಿಗೆ 20 ಮಿಲಿಗ್ರಾಂ, ಒಂದಕ್ಕೆ ಸಿಸ್ಟೀನ್ 30 ಮಿಲಿಗ್ರಾಂ, ಇನ್ನೊಂದಕ್ಕೆ ರಿಡ್ಯೂಸ್ಡ್ ಗ್ಲುಟಾಥಯೋನ್ 60 ಮಿಲಿಗ್ರಾಂ. ಕೈಯಲ್ಲಿರುವುದು ಸಿಸ್ಟೀನ್ ಹೈಡ್ರೊಕ್ಲೋರೈಡ್ ಮಾನೊಹೈಡ್ರೇಟ್ ಆದರೆ 30ರ ಬದಲು ಸುಮಾರು 44 ಮಿಲಿಗ್ರಾಂ ತೂಗಬೇಕು.

ಹೆಚ್ಚು ಪ್ರಯೋಗಗಳು ಕೆಡುವುದು ಸಿಸ್ಟೀನ್ ಪ್ಲೇಟಿನಲ್ಲೇ. ಗಾಳಿ ತಾಗಿದರೆ, ಅದರಲ್ಲೂ ಮಾಧ್ಯಮದ ತಾಮ್ರ, ಕಬ್ಬಿಣದ ಲವಣಗಳ ಸಂಗದಲ್ಲಿ, ಎರಡೆರಡು ಸಿಸ್ಟೀನ್‌ಗಳು ಜೋಡಿಯಾಗಿ ಸಿಸ್ಟಿನ್ ಆಗಿಬಿಡುತ್ತವೆ. ಈ ಯೀಸ್ಟ್ ಸಿಸ್ಟಿನನ್ನು ಸರಿಯಾಗಿ ಒಳಗೆಳೆದುಕೊಳ್ಳಲಾರದು. ಹೀಗಾಗಿ ಹಳೆಯ ಪ್ಲೇಟಿನ ಮೇಲೆ ಸಿಸ್4 ತಳಿ ಬೆಳೆಯಲಿಲ್ಲ ಎಂದರೆ ಜೀನನ್ನು ದೂರುವ ಮುನ್ನ ಪ್ಲೇಟಿನ ವಯಸ್ಸು ನೋಡಬೇಕು. ಸಿಸ್ಟೀನ್ ದ್ರಾವಣವನ್ನು ಆಯಾ ದಿನವೇ ಮಾಡಿ, ಆಟೊಕ್ಲೇವ್ ಮಾಡದೆ ಫಿಲ್ಟರಿನಲ್ಲಿ ಸೋಸಿ, ಅಗಾರ್ ಸುಮಾರು 55 ಡಿಗ್ರಿಗೆ ಆರಿದ ಮೇಲೆ ಬೆರೆಸಬೇಕು. ನೂರು ಪಟ್ಟು ಗಟ್ಟಿಯಾದ ಸ್ಟಾಕಿನ ತಳದಲ್ಲಿ ಬಿಳಿ ಹರಳು ಕಂಡರೆ ಅದು ಸಿಸ್ಟಿನ್. ಆ ಬಾಟಲಿಯನ್ನು ಚೆಲ್ಲಿಬಿಡಿ. ಬೆಳೆಯಲಿಲ್ಲವೆಂದು ಸಿಸ್ಟೀನನ್ನು ಹತ್ತು ಪಟ್ಟು ಏರಿಸುವುದು ಇನ್ನೂ ಕೆಟ್ಟದ್ದು, ಹೆಚ್ಚಾದ ಸಿಸ್ಟೀನ್ ಯೀಸ್ಟ್‌ಗೆ ವಿಷ. ಗ್ಲುಟಾಥಯೋನ್ ಇದಕ್ಕಿಂತ ಗಟ್ಟಿಮುಟ್ಟು. ಯೀಸ್ಟ್ ಅದನ್ನು ಎಚ್‌ಜಿಟಿ1 ಎಂಬ ವಾಹಕದಿಂದ ಒಳಗೆ ತಂದು ಒಡೆದು ಸಿಸ್ಟೀನ್ ಪಡೆಯುತ್ತದೆ. ಆ ವಾಹಕವನ್ನೂ ಗ್ಲುಟಾಥಯೋನ್ ಒಡೆಯುವ ಡಗ್ ಜೀನ್‌ಗಳನ್ನೂ ಗುರುತಿಸಿದ ಕೆಲಸದಲ್ಲಿ ನಮ್ಮ ದೇಶದ ಆನಂದ್ ಬಚಾವತ್ ಅವರ ತಂಡದ ಪಾಲು ದೊಡ್ಡದು. ನಮ್ಮನ್ನು ಕೇಳಿದರೆ ಪಾಠದ ಪ್ರಯೋಗಕ್ಕೆ ಗ್ಲುಟಾಥಯೋನ್ ಪ್ಲೇಟನ್ನೇ ಮುಖ್ಯವಾಗಿಟ್ಟು ಸಿಸ್ಟೀನನ್ನು ಜೊತೆಗಿಡುವುದು ಒಳ್ಳೆಯದು.

ಎರಡನೆಯ ತೊಡಕು ಹಳೆಯ ದಾಸ್ತಾನಿನದು. ವೈಪಿಡಿ ಎಂಬ ಪುಷ್ಟಿಯಾದ ಮಾಧ್ಯಮದಲ್ಲಿ ಬೆಳೆದ ಕೋಶಗಳು ಒಳಗೆ ಗ್ಲುಟಾಥಯೋನ್ ಕೂಡಿಟ್ಟುಕೊಂಡಿರುತ್ತವೆ. ಅವನ್ನು ನೇರವಾಗಿ ಖಾಲಿ (ಗಂಧಕದ ಅಮೈನೊ ಆಮ್ಲವಿಲ್ಲದ) ಪ್ಲೇಟಿಗೆ ಒತ್ತಿದರೆ ಆ ದಾಸ್ತಾನಿನಲ್ಲೇ ಕೆಲವು ತಲೆಮಾರು ವಿಭಜಿಸಿ ತೆಳ್ಳಗೆ ಮಂಜಿನಂತೆ ಹರಡುತ್ತವೆ, ನೋಡಿದವರು ಬೆಳವಣಿಗೆ ಎಂದು ಬರೆದುಕೊಳ್ಳುತ್ತಾರೆ. ಕೋಶಗಳನ್ನು ಸ್ಟೆರೈಲ್ ನೀರಿನಲ್ಲಿ ಎರಡು ಸಲ ತೊಳೆದು, ಗಂಧಕದ ಅಮೈನೊ ಆಮ್ಲವಿಲ್ಲದ ದ್ರವ ಮಾಧ್ಯಮದಲ್ಲಿ ಒಂದು ರಾತ್ರಿ ಹಸಿವಿಗಿಟ್ಟು, 600 ನ್ಯಾನೊಮೀಟರಿನಲ್ಲಿ ಸಾಂದ್ರತೆ 1ಕ್ಕೆ ತಂದು, ಹತ್ತು ಹತ್ತು ಪಟ್ಟು ತೆಳುಗೊಳಿಸಿ 5 ಮೈಕ್ರೊಲೀಟರ್ ಚುಕ್ಕೆಗಳನ್ನಿಡಬೇಕು. 30 ಡಿಗ್ರಿಯಲ್ಲಿ ಎರಡು-ಮೂರು ದಿನ. ದಟ್ಟ ಚುಕ್ಕೆಯನ್ನು ನಂಬದೆ ತೆಳುವಾದ ಚುಕ್ಕೆಗಳಲ್ಲಿ ಬಿಡಿ ಕಾಲೊನಿ ಬಂದಿದೆಯೇ ಎಂದು ನೋಡಿ ತೀರ್ಮಾನಿಸಬೇಕು.

ಮೂರನೆಯದು ತಳಿಯ ಹಿನ್ನೆಲೆ. ಬಿವೈ4741ರಲ್ಲಿ ಮೆಟ್17 ಮೊದಲೇ ಇಲ್ಲ. ಅಲ್ಲಿ ಅದನ್ನು ಮೆಟ್15 ಎಂದು ಬರೆದಿರುತ್ತಾರೆ, ಜೀನ್ ಒಂದೇ. ಆ ಹಿನ್ನೆಲೆಯ ಸಿಸ್4 ತಳಿ ಖಾಲಿ ಪ್ಲೇಟಿನಲ್ಲಿ ಬೆಳೆಯದಿದ್ದರೆ ಕಾರಣ ಸಿಸ್4 ಎಂದು ಹೇಳಲಾಗದು. ಮೆಥಿಯೊನೀನ್ ಪ್ಲೇಟ್ ಮಾತ್ರ ನಿಜ ಹೇಳುತ್ತದೆ: ಮೂಲ ತಳಿ ಬೆಳೆಯುತ್ತದೆ, ಸಿಸ್4 ಕಳೆದದ್ದು ಬೆಳೆಯುವುದಿಲ್ಲ. ಇನ್ನೂ ಚೊಕ್ಕವಾಗಿ ಬೇಕೆಂದರೆ ಮೆಟ್17 ಸರಿಯಿರುವ ಬಿವೈ4742 ಹಿನ್ನೆಲೆಯ ತಳಿಯನ್ನೇ ತರಿಸಬೇಕು. ಜಿ418 ಎಂಬ ಪ್ರತಿಜೈವಿಕ ಹಾಕಿ ತಳಿ ಖಚಿತಪಡಿಸಿಕೊಳ್ಳುವವರು ಅದನ್ನು ವೈಪಿಡಿಯಲ್ಲೇ ಲೀಟರಿಗೆ 200 ಮಿಲಿಗ್ರಾಂ ಹಾಕಿ ನೋಡಲಿ. ಅಮೋನಿಯಂ ಸಲ್ಫೇಟ್ ಇರುವ ಮಾಧ್ಯಮದಲ್ಲಿ ಅದರ ಪರಿಣಾಮ ಇಳಿಯುತ್ತದೆ.

ಸಿಸ್3, ಸಿಸ್4 ಎರಡು ಬೇರೆ ಜೀನ್‌ಗಳೆಂದು ತೋರಿಸಲು ಎರಡರ ತಳಿಗಳನ್ನೂ ಕೂಡಿಸಿ ಡಿಪ್ಲಾಯ್ಡ್ (ಎರಡೂ ಕಡೆಯ ಕ್ರೋಮೊಸೋಮುಗಳಿರುವ ಕೋಶ) ಮಾಡಬೇಕು. ಒಂದರ ಕೊರತೆಯನ್ನು ಇನ್ನೊಂದು ತುಂಬಿ ಡಿಪ್ಲಾಯ್ಡ್ ಸಿಸ್ಟೀನ್ ಇಲ್ಲದೆ ಬೆಳೆಯುತ್ತದೆ. ಸಿಸ್3 ಮೊದಲನೆಯ ಕ್ರೋಮೊಸೋಮಿನಲ್ಲಿದೆ, ಸಿಸ್4 ಏಳನೆಯದರಲ್ಲಿ. ಇಲ್ಲಿ ಒಂದು ಬಲೆ ಇದೆ. ಬಿವೈ4741 ಮತ್ತು 4742 ಕೂಡಿಸಿದಾಗ ಮೆಥಿಯೊನೀನ್, ಲೈಸೀನ್ ಎರಡೂ ಇಲ್ಲದ ಪ್ಲೇಟಿನಲ್ಲಿ ಡಿಪ್ಲಾಯ್ಡ್ ಆರಿಸುವುದು ರೂಢಿ. ಅದೇ ಪ್ಲೇಟಿಗೆ ಸಿಸ್ಟೀನ್ ಇಲ್ಲವೇ ಗ್ಲುಟಾಥಯೋನ್ ಸೇರಿಸಿದಿರೋ ಆಯ್ಕೆ ಕೆಟ್ಟಿತು, ಬಿವೈ4741 ಕಡೆಯ ತಳಿ ಸಿಸ್ಟೀನನ್ನೇ ಮೆಥಿಯೊನೀನ್ ಮಾಡಿಕೊಂಡು ಒಂಟಿಯಾಗಿ ಬೆಳೆಯುತ್ತದೆ. ಸಿಸ್3 ಜೊತೆ ಸಿಸ್3 ಕೂಡಿಸಿದ ಹೋಲಿಕೆಯ ಜೋಡಿಯಲ್ಲಿ ಡಿಪ್ಲಾಯ್ಡ್ ನಿಜವಾಗಿ ಆಗಿದೆ ಎಂದು ತೋರಿಸಲು ಒಂದು ತಳಿಗೆ ಯುರಾಸಿಲ್ ಗುರುತಿನ ಪಿಆರ್‌ಎಸ್316, ಇನ್ನೊಂದಕ್ಕೆ ಲ್ಯೂಸೀನ್ ಗುರುತಿನ ಪಿಆರ್‌ಎಸ್315 ಪ್ಲಾಸ್ಮಿಡ್ ಹಾಕಿ, ಯುರಾಸಿಲ್ ಮತ್ತು ಲ್ಯೂಸೀನ್ ಬಿಟ್ಟ ಗ್ಲುಟಾಥಯೋನ್ ಪ್ಲೇಟಿನಲ್ಲಿ ಆರಿಸಿ, ಆಮೇಲೆ ಪರೀಕ್ಷೆಯ ಪ್ಲೇಟಿಗೆ ಒತ್ತಬೇಕು.

ಡಿಪ್ಲಾಯ್ಡ್ ಬೆಳೆದಾಗಲೆಲ್ಲ ಎರಡು ಜೀನ್ ಎಂದು ಕಣ್ಣುಮುಚ್ಚಿ ಬರೆಯುವಂತೆಯೂ ಇಲ್ಲ. ಇದೇ ದಾರಿಯಲ್ಲಿ ಮೆಟ್17, ಮೆಟ್25 ಎಂದು ಬೇರೆ ಬೇರೆ ಗುಂಪಿಗೆ ಸೇರಿಸಿದ್ದ ರೂಪಾಂತರಗಳು ಒಂದೇ ಜೀನಿನವು ಎಂದು 1987ರಲ್ಲಿ ತಿಳಿದುಬಂತು. ಒಂದೇ ಪ್ರೋಟೀನಿನ ಹಲವು ಘಟಕಗಳು ಸೇರಿ ಕಿಣ್ವವಾಗುವಲ್ಲಿ, ಬೇರೆ ಬೇರೆ ಕಡೆ ಕೆಟ್ಟ ಎರಡು ಘಟಕಗಳು ಪರಸ್ಪರ ಆಧಾರ ಕೊಟ್ಟು ಅಷ್ಟಿಷ್ಟು ಕೆಲಸ ಮಾಡಬಹುದು. ಜೀನನ್ನು ಪೂರ್ತಿ ತೆಗೆದ ತಳಿಗಳನ್ನು ಬಳಸಿದರೆ ಈ ಗೊಂದಲ ಬರುವುದಿಲ್ಲ. ತಳಿವಿಜ್ಞಾನದ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ, ಆದರೂ ಇದನ್ನು ಹೇಳುವವರು ವಿರಳ.

ಮೆಟ್17 ಇಲ್ಲದ ತಳಿಯನ್ನು ಕಣ್ಣಿನಿಂದಲೇ ಗುರುತಿಸಬಹುದು. ಸಲ್ಫೈಡಿಗೆ ಕೂರಲು ಜಾಗವಿಲ್ಲದೆ ಹೈಡ್ರೊಜನ್ ಸಲ್ಫೈಡ್ ಹೊರಬೀಳುತ್ತದೆ, ಸೀಸದ ಲವಣವಿರುವ ಮಾಧ್ಯಮದಲ್ಲಿ ಕಾಲೊನಿ ಕಡುಕಂದು ಬಣ್ಣಕ್ಕೆ ತಿರುಗುತ್ತದೆ. ಲೀಟರಿಗೆ ಪೆಪ್ಟೋನ್ 3, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 5, ಗ್ಲೂಕೋಸ್ 40, ಅಮೋನಿಯಂ ಸಲ್ಫೇಟ್ 0.2, ಲೆಡ್ ನೈಟ್ರೇಟ್ 1, ಅಗಾರ್ 20 ಗ್ರಾಂ ಎಂಬುದು ಬಳಕೆಯಲ್ಲಿರುವ ಪ್ರಮಾಣ. ಆದರೆ ಸೀಸ ವಿಷ. ಬಳಸಿದ ಪ್ಲೇಟನ್ನು ಸಿಂಕಿಗೂ ಕಸದ ಬುಟ್ಟಿಗೂ ಹಾಕುವಂತಿಲ್ಲ, ಅಪಾಯಕಾರಿ ತ್ಯಾಜ್ಯವಾಗಿ ಪ್ರತ್ಯೇಕವಾಗಿಯೇ ಒಪ್ಪಿಸಬೇಕು. ಆ ವ್ಯವಸ್ಥೆ ಇಲ್ಲದ ಕಾಲೇಜು ಬಿಸ್ಮತ್ ಇರುವ ಬಿಗ್ಗಿ ಅಗಾರ್ ಕೊಳ್ಳಲಿ. ಸಲ್ಫೈಟ್ ರಿಡಕ್ಟೇಸ್ ಇಲ್ಲದ ಮೆಟ್5, ಮೆಟ್10 ತಳಿಗಳು ಅದರ ಮೇಲೆ ಬಿಳಿಯಾಗಿಯೇ ಉಳಿಯುತ್ತವೆ, ಉಳಿದವು ಕಂದಾಗುತ್ತವೆ. ಇನ್ನೊಂದು ಎಚ್ಚರ: ಮೆಟ್17 ತಳಿಯನ್ನು ಬೇರೆ ಮೆಟ್ ತಳಿಗಳ ಜೊತೆ ಒಂದೇ ಪ್ಲೇಟಿನಲ್ಲಿಟ್ಟು ಪ್ಯಾರಾಫಿಲ್ಮ್ ಸುತ್ತಬಾರದು. ಅದು ಬಿಡುವ ಅನಿಲವನ್ನೇ ಸಲ್ಫೈಡ್‌ವರೆಗೆ ತಲುಪಲಾರದ ನೆರೆಯ ತಳಿಗಳು ಹೀರಿಕೊಂಡು ಬೆಳೆದುಬಿಡಬಹುದು.

ಮೆಟ್17 ವಿಷಯದಲ್ಲಿ ಪಠ್ಯಪುಸ್ತಕಗಳು ಇನ್ನೂ ಒಂದು ಹೆಜ್ಜೆ ಹಿಂದಿವೆ. ಈ ಜೀನ್ ಕಳೆದ ತಳಿ ಅಜೈವಿಕ ಗಂಧಕದಿಂದ ಬೆಳೆಯಲಾರದು ಎಂದೇ ದಶಕಗಳ ಕಾಲ ಹೇಳಿಕೊಂಡು ಬರಲಾಯಿತು. 2022ರಲ್ಲಿ ಎರಡು ತಂಡಗಳು, ಒಂದು ಅಮೆರಿಕದ ಪಿಟ್ಸ್‌ಬರ್ಗಿನದು, ಇನ್ನೊಂದು ಯುರೋಪಿನಲ್ಲಿ ಮಾರ್ಕುಸ್ ರಾಲ್ಸರ್ ಅವರದು, ವೈಎಲ್‌ಎಲ್058ಡಬ್ಲ್ಯು ಎಂಬ, ಅದುವರೆಗೆ ಕೆಲಸವೇನೆಂದು ತಿಳಿಯದಿದ್ದ ಜೀನ್ ಕೂಡ ಸಲ್ಫೈಡಿನಿಂದ ಹೋಮೋಸಿಸ್ಟೀನ್ ಮಾಡುತ್ತದೆ ಎಂದು ತೋರಿಸಿದವು. ಈಗ ಅದಕ್ಕೆ ಎಚ್‌ಎಸ್‌ಯು1 ಎಂದು ಹೆಸರು. ಅದರ ಸಾಮರ್ಥ್ಯ ಕಡಿಮೆ. ಕೂಡಿಕೊಳ್ಳುವ ಹೈಡ್ರೊಜನ್ ಸಲ್ಫೈಡೇ ಕೋಶವನ್ನು ತಡೆಯುತ್ತದೆ. ಮಾಧ್ಯಮದಲ್ಲಿ ಕಬ್ಬಿಣದ ಸಂಯುಕ್ತ ಹಾಕಿ ಆ ಅನಿಲವನ್ನು ಹಿಡಿದರೆ ಬೆಳವಣಿಗೆ ಮರಳುತ್ತದೆ. ಆದ್ದರಿಂದ ಮೆಟ್17 ಪೂರ್ತಿ ತೆಗೆದ ತಳಿಯ ದಟ್ಟ ಮಚ್ಚೆ ಮೆಥಿಯೊನೀನ್ ಇಲ್ಲದ ಪ್ಲೇಟಿನಲ್ಲಿ ನಿಧಾನವಾಗಿ ಬೆಳೆದರೆ ಸೋಂಕು ತಗಲಿದೆ ಎಂದು ತಕ್ಷಣ ಎಸೆಯಬೇಡಿ. ಸಿಸ್ಟೀನಿನ ದಾರಿ ಇದರಿಂದ ಬದಲಾಗುವುದಿಲ್ಲ. ಎಚ್‌ಎಸ್‌ಯು1 ಮಾಡುವುದೂ ಹೋಮೋಸಿಸ್ಟೀನನ್ನೇ.

ದಾರಿಯ ಕಡಿವಾಣವೂ ಸಿಸ್ಟೀನಿನ ಕೈಯಲ್ಲಿದೆ. ಈ ಜೀನ್‌ಗಳನ್ನು ಎಬ್ಬಿಸುವುದು ಮೆಟ್4 ಎಂಬ ಪ್ರೋಟೀನ್, ಗಂಧಕ ಸಾಕಾದಾಗ ಅದಕ್ಕೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್ ಅಂಟಿಸಿ ಅಡಗಿಸುವುದು ಮೆಟ್30. ಮೆಥಿಯೊನೀನ್ ಹಾಕಿದಾಗ ಜೀನ್‌ಗಳು ಆರುತ್ತವೆ, ಆದರೆ ಸಿಸ್4 ಕೆಟ್ಟ ತಳಿಯಲ್ಲಿ ಮೆಥಿಯೊನೀನ್ ಹಾಕಿದರೂ ಸರಿಯಾಗಿ ಆರುವುದಿಲ್ಲ, ಏಕೆಂದರೆ ಅದು ಸಿಸ್ಟೀನ್ ಆಗಿ ಮಾರ್ಪಡಲಾರದು. ಮೆಟ್3 ಅಥವಾ ಮೆಟ್25 ಪ್ರೊಮೋಟರನ್ನು ಮೆಥಿಯೊನೀನ್‌ನಿಂದ ಆರಿಸುವ ಸ್ವಿಚ್ಚಾಗಿ ಬಳಸುವ ಸಂಶೋಧನಾ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಡಬೇಕು.

ಇದು ಮನುಷ್ಯನ ಆರೋಗ್ಯಕ್ಕೂ ಸೇರಿದ ಮಾತು. ಸಿಸ್4ಕ್ಕೆ ಸಮನಾದ ಜೀನ್ ನಮ್ಮಲ್ಲಿ 21ನೆಯ ಕ್ರೋಮೊಸೋಮಿನಲ್ಲಿದೆ, ಸಿಬಿಎಸ್ ಎಂದು ಹೆಸರು. ಅದು ಕೆಟ್ಟರೆ ಹೋಮೋಸಿಸ್ಟಿನ್ಯೂರಿಯ: ಕಣ್ಣಿನ ಮಸೂರ ಜಾರುತ್ತದೆ, ಎಳೆಯ ವಯಸ್ಸಿನಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಸಿಸ್4 ಇಲ್ಲದ ಯೀಸ್ಟ್‌ಗೆ ಮನುಷ್ಯನ ಜೀನ್ ಕೊಟ್ಟರೆ ಅದು ಸಿಸ್ಟೀನ್ ಇಲ್ಲದೆ ಬೆಳೆಯುತ್ತದೆ ಎಂದು ವಾರೆನ್ ಕ್ರೂಗರ್ ಮತ್ತು ಡೇವಿಡ್ ಕಾಕ್ಸ್ 1994ರಲ್ಲಿ ತೋರಿಸಿದರು. ರೋಗಿಯ ರೂಪಾಂತರವನ್ನು ಅದೇ ಯೀಸ್ಟಿನಲ್ಲಿಟ್ಟು ನೋಡಿದರೆ ಅದು ಕೆಟ್ಟದ್ದೋ ನಿರಪಾಯವೋ ಎಂದು ತಿಳಿಯಬಹುದು. ಕಿಣ್ವಕ್ಕೆ ಬಿ6 ಜೀವಸತ್ವದ ಒಂದು ರೂಪ ಬೇಕು. ಕೆಲವು ರೋಗಿಗಳಿಗೆ ಪಿರಿಡಾಕ್ಸಿನ್ ಮಾತ್ರೆಯೇ ಗುಣ ಕೊಡುತ್ತದೆ, ಕೆಲವರಿಗೆ ಕೊಡುವುದಿಲ್ಲ. ಆ ವ್ಯತ್ಯಾಸವನ್ನು ಯೀಸ್ಟಿನಲ್ಲಿ ಅಳೆಯಬೇಕೆಂದರೆ ಯೀಸ್ಟ್ ತಾನೇ ಬಿ6 ಮಾಡಿಕೊಳ್ಳುವ ಜೀನ್‌ಗಳನ್ನು ಮೊದಲು ತೆಗೆಯಬೇಕು, ಮಾಧ್ಯಮವನ್ನೂ ಬಿ6 ಬಿಟ್ಟು ತಯಾರಿಸಬೇಕು. ಸಾಮಾನ್ಯ ನೈಟ್ರೊಜನ್ ಬೇಸಿನಲ್ಲಿ ಲೀಟರಿಗೆ 400 ಮೈಕ್ರೊಗ್ರಾಂ ಪಿರಿಡಾಕ್ಸಿನ್ ಇದ್ದೇ ಇರುತ್ತದೆ. ಒಂದು ವಿಷಯ ಮರೆಯಬಾರದು: ಮನುಷ್ಯನ ಕಿಣ್ವದಲ್ಲಿ ಹೀಮ್ ಎಂಬ ಕಬ್ಬಿಣದ ಅಣು ಇದೆ, ಯೀಸ್ಟಿನದರಲ್ಲಿ ಇಲ್ಲ. ಯೀಸ್ಟಿನ ಜೀನಿನಲ್ಲೇ ರೋಗಿಯ ಬದಲಾವಣೆ ಮಾಡಿ ನೋಡುವುದು ಹಾಗಾಗಿ ಸಾಲದು, ಮನುಷ್ಯನ ಜೀನನ್ನೇ ಇಡಬೇಕು.

ನಂದಿ ಬೆಟ್ಟದ ಸುತ್ತ ವೈನ್ ಮಾಡುವವರಿಗೂ ಸರಿಯಾದ ನಕ್ಷೆ ಉಪಯೋಗಕ್ಕೆ ಬರುತ್ತದೆ. ದ್ರಾಕ್ಷಿರಸದಲ್ಲಿ ಯೀಸ್ಟ್ ಬಳಸಬಲ್ಲ ಸಾರಜನಕ ಲೀಟರಿಗೆ ಸುಮಾರು 140 ಮಿಲಿಗ್ರಾಂಗಿಂತ ಕೆಳಗಿಳಿದರೆ ಓ-ಅಸಿಟೈಲ್‌ಹೋಮೋಸೆರೀನ್ ಸಾಲದೆ ಸಲ್ಫೈಡ್ ಹೊರಗೆ ಸೋರಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಲೀಟರಿಗೆ 0.25 ಗ್ರಾಂ ಡೈಅಮೋನಿಯಂ ಫಾಸ್ಫೇಟ್ ಸುಮಾರು 53 ಮಿಲಿಗ್ರಾಂ ಸಾರಜನಕ ಕೊಡುತ್ತದೆ, ಹುದುಗಿನ ಮೊದಲ ಮೂರನೇ ಒಂದು ಭಾಗ ಮುಗಿಯುವುದರೊಳಗೆ ಹಾಕಬೇಕು. ಆಲ್ಕೊಹಾಲ್ ಏರಿದ ಮೇಲೆ ಯೀಸ್ಟ್ ಅದನ್ನು ಒಳಗೆಳೆದುಕೊಳ್ಳುವುದು ಕಡಿಮೆ. ಪ್ಯಾಂಟೊಥೆನಿಕ್ ಆಮ್ಲದ ಕೊರತೆಯಿದ್ದರೂ ಇದೇ ವಾಸನೆ. ಅಸಿಟೈಲ್ ಗುಂಪು ಹೊತ್ತು ತರುವ ಕೋಎನ್‌ಜೈಮ್-ಎ ಅದರಿಂದಲೇ ಆಗುವುದು.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟು. ಮುಂದಿನ ವಿಜ್ಞಾನ ಪುಟದಲ್ಲಿ ಚಿತ್ರವನ್ನು ತಿದ್ದಿ ಮರುಮುದ್ರಿಸಿ: ಸಲ್ಫೈಡಿನ ಬಾಣ ಹೋಮೋಸಿಸ್ಟೀನಿಗೆ, ಅಲ್ಲಿಂದ ಸಿಸ್ಟಾಥಯೊನೀನ್, ಅಲ್ಲಿಂದ ಸಿಸ್ಟೀನ್. ಪಠ್ಯಕ್ರಮ ಮಂಡಳಿಗಳಲ್ಲಿರುವವರು ಬೆಳವಣಿಗೆಯ ಈ ಪರೀಕ್ಷೆಯನ್ನು ಐದನೆಯ ಅಥವಾ ಆರನೆಯ ಸೆಮಿಸ್ಟರಿನ ಪ್ರಾಯೋಗಿಕಕ್ಕೆ ಸೇರಿಸುವುದನ್ನು ಪರಿಶೀಲಿಸಲಿ. ಜೀನ್ ತೆಗೆದ ತಳಿಗಳು ತಳಿಮಾರ್ಪಾಡಿನ ಜೀವಿಗಳೇ ಆದ್ದರಿಂದ 1989ರ ನಿಯಮಗಳಂತೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಮೊದಲೇ ತಿಳಿಸಿ ತರಿಸಬೇಕು, ಪ್ರಯೋಗ ಮುಗಿದ ಮೇಲೆ ಪ್ಲೇಟುಗಳನ್ನು 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿಯೇ ವಿಲೇವಾರಿ ಮಾಡಬೇಕು. ಸೀಸದ ಪ್ಲೇಟುಗಳನ್ನು ಮಾತ್ರ ಇವುಗಳ ಜೊತೆ ಬೆರೆಸಬಾರದು.

— ತಳಿವಿಜ್ಞಾನ ಮತ್ತು ಸೂಕ್ಷ್ಮಜೀವಿವಿಜ್ಞಾನ ಅಧ್ಯಾಪಕರು, ಧಾರವಾಡ